ಸುಳ್ಳು ಬರೆದಿಲ್ಲ, ಆದರೂ ವಿಕಿಪೀಡಿಯ ಲೇಖನ ಅಳಿಸಿದ್ದು ಯಾಕೆ?

ಪ್ರಶ್ನೆ: ನಾನು ಸಿದ್ದಾಪುರ ಹತ್ತಿರದ ಹಳ್ಳಿಯವಳು. ಅಮ್ಮ ಮತ್ತು ಊರಿನ ಕೆಲವು ಹೆಂಗಸರು ಸೇರಿ ಅಪ್ಪೆಮಿಡಿ (ಪರಿಮಳದ ಮಾವಿನ ಮಿಡಿ) ಉಪ್ಪಿನಕಾಯಿ, ಮುರುಗಲು (ಕೋಕಂ) ಸಿರಪ್ ಮಾಡಿ ಒಂದು ಬ್ರ್ಯಾಂಡ್ ಹೆಸರಿನಲ್ಲಿ ಮಾರುತ್ತಾರೆ. ಶಿರಸಿ, ಹುಬ್ಬಳ್ಳಿಯ ಅಂಗಡಿಗಳಲ್ಲೂ ಸಿಗುತ್ತದೆ. ಅದರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಹಾಕಿದ್ದೆ. ವಿವರ ಕೊಟ್ಟು ಎಐನಿಂದ ಬರೆಸಿ, ಆಮೇಲೆ ನಾನೇ ತಿದ್ದಿದ್ದೆ. ಮರುದಿನವೇ ‘ಜಾಹೀರಾತು’ ಅಂತ ಅಳಿಸಿದರು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿ ಇದೆ, ಟ್ರೇಡ್‌ಮಾರ್ಕ್ ಇದೆ, ಪೇಪರ್‌ನಲ್ಲಿ ಬಂದ ಸುದ್ದಿಗಳೂ ಇವೆ. ದೊಡ್ಡ ಕಂಪನಿಯವರ ಸೋಪಿಗೆಲ್ಲ ಲೇಖನ ಇದೆ, ನಮಗೆ ಯಾಕಿಲ್ಲ? ಇದಾದ ಮೇಲೆ ಯಾರೋ ಮೇಲ್ ಮಾಡಿ, ದುಡ್ಡು ಕೊಟ್ಟರೆ ಯಾರೂ ಅಳಿಸದ ಹಾಗೆ ಹಾಕಿಸಿಕೊಡುತ್ತೇವೆ ಅಂದಿದ್ದಾರೆ. ಕಾರವಾರದಲ್ಲಿರುವ ಗೆಳತಿ ತನ್ನ ಹೆಸರಿನಲ್ಲೇ ಹಾಕುತ್ತೇನೆ ಅನ್ನುತ್ತಾಳೆ. ಏನು ಮಾಡಲಿ? ಅಳಿಸಿದ ಬರಹ ಮತ್ತು ಪೇಪರ್ ತುಣುಕುಗಳನ್ನು ಇದರ ಜೊತೆ ಕಳಿಸಿದ್ದೇನೆ.

ಉತ್ತರ: ಕಷ್ಟಪಟ್ಟು ಹಾಕಿದ ಬರಹ ಬೆಳಗಾಗುವುದರೊಳಗೆ ಇಲ್ಲವಾದರೆ ಬೇಜಾರಾಗದೆ ಇರುತ್ತದಾ? ಅದೂ ಅಮ್ಮನ ದುಡಿಮೆಯ ಬಗ್ಗೆ ಬರೆದದ್ದನ್ನು ಗುರುತು ಪರಿಚಯ ಇಲ್ಲದವರು ‘ಜಾಹೀರಾತು’ ಅಂದುಬಿಟ್ಟರೆ ಮನಸ್ಸಿಗೆ ನಾಟುತ್ತದೆ. ನಾನು ಬಹಳ ವರ್ಷಗಳಿಂದ ಕನ್ನಡ, ಇಂಗ್ಲಿಷ್ ಎರಡೂ ವಿಕಿಪೀಡಿಯಗಳಲ್ಲಿ ಬರೆಯುತ್ತ, ಬೇರೆಯವರು ಬರೆದದ್ದನ್ನು ತಿದ್ದುತ್ತ ಬಂದಿದ್ದೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಈ ಥರದ ದೂರು ಆಗಾಗ ಬರುತ್ತದೆ. ಒಮ್ಮೆ ಜೇನುತುಪ್ಪ, ಒಮ್ಮೆ ಜೋನಿ ಬೆಲ್ಲ, ಒಮ್ಮೆ ಹಲಸಿನ ಹಪ್ಪಳ. ಅಳಿಸಿದ ಬರಹವನ್ನೂ ನೀವು ಕಳಿಸಿದ್ದು ಒಳ್ಳೆಯದಾಯಿತು. ಅದನ್ನು ಓದಿದ ಮೇಲೆ ನೇರವಾಗಿ ಹೇಳುತ್ತೇನೆ, ಅಳಿಸಿದವರ ತೀರ್ಮಾನ ಸರಿಯಾಗಿಯೇ ಇದೆ. ನಿಮ್ಮ ಉದ್ದೇಶದ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಆ ಬರಹ ವಿಶ್ವಕೋಶಕ್ಕೆ ಹೊಂದುವಂಥದ್ದಲ್ಲ.

ಸುಳ್ಳು ಬರೆದಿಲ್ಲ ಎನ್ನುತ್ತೀರಿ. ನಂಬುತ್ತೇನೆ. ಆದರೆ ಒಂದು ಮಾತು ನಿಜವಾಗಿದ್ದರೆ ವಿಕಿಪೀಡಿಯಕ್ಕೆ ಸಾಕಾಗುವುದಿಲ್ಲ. ಮಾರುವವರನ್ನು ಬಿಟ್ಟು ಬೇರೆ ಯಾರು ಇದನ್ನು ಬರೆದಿದ್ದಾರೆ, ಎಲ್ಲಿ ಬರೆದಿದ್ದಾರೆ ಎಂಬುದನ್ನೂ ಅದು ಕೇಳುತ್ತದೆ. ಕಾರಣ ಇಷ್ಟೇ. ಅಲ್ಲಿ ಸಂಬಳದ ಸಂಪಾದಕರಿಲ್ಲ, ವಿಷಯ ತಜ್ಞರ ಮಂಡಳಿ ಇಲ್ಲ. ಬರೆಯುವವರು, ಕಾಯುವವರು ಎಲ್ಲ ಸ್ವಯಂಸೇವಕರು. ನಿಮ್ಮ ಉಪ್ಪಿನಕಾಯಿಗೆ ಬಣ್ಣ ಹಾಕುತ್ತೀರೋ ಇಲ್ಲವೋ ಎಂದು ನೋಡಲು ಅವರ್‍ಯಾರೂ ಸಿದ್ದಾಪುರದ ತನಕ ಬರುವುದಿಲ್ಲ. ಬಂದು ನೋಡಿದರೂ ತಾವು ಕಂಡದ್ದನ್ನು ಅಲ್ಲಿ ಬರೆಯುವ ಹಾಗಿಲ್ಲ, ಅದು ಸ್ವಂತ ಸಂಶೋಧನೆ ಆಗುತ್ತದೆ. ಹಾಗಾಗಿ ಅವರ ಕೈಲಿ ಇರುವುದು ಒಂದೇ ಅಳತೆ. ಈ ಮಾತನ್ನು ಸಂಬಂಧವಿಲ್ಲದ, ನಂಬಬಹುದಾದ ಯಾರಾದರೂ ವಿಚಾರಿಸಿ ಪ್ರಕಟಿಸಿದ್ದಾರಾ? ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ.

ನಿಮ್ಮ ಲೇಖನದ ಮೊದಲ ವಾಕ್ಯವನ್ನೇ ನೋಡೋಣ. “ಮಲೆನಾಡಿನ ಮಡಿಲಲ್ಲಿ, ಅಜ್ಜಿಯರ ಕಾಲದ ಕೈರುಚಿಯನ್ನು ಉಳಿಸಿಕೊಂಡು, ಯಾವುದೇ ರಾಸಾಯನಿಕ ಬಳಸದೆ ತಯಾರಾಗುವ ಈ ಉಪ್ಪಿನಕಾಯಿ ಇಂದು ರಾಜ್ಯದ ಮನೆಮಾತಾಗಿದೆ.” ‘ಅಜ್ಜಿಯರ ಕಾಲದ ಕೈರುಚಿ’ ಎಂದು ಯಾರು ಹೇಳಿದ್ದು? ನೀವು. ‘ರಾಸಾಯನಿಕ ಬಳಸದೆ’ ಎಂಬುದನ್ನು ಪರೀಕ್ಷೆ ಮಾಡಿ ಪ್ರಕಟಿಸಿದವರು ಯಾರು? ಯಾರೂ ಇಲ್ಲ. ‘ಮನೆಮಾತು’ ಎಂಬುದನ್ನು ಅಳೆಯುವುದು ಹೇಗೆ? ಆಗುವುದಿಲ್ಲ. ಇವನ್ನೆಲ್ಲ ತೆಗೆದ ಮೇಲೆ ಉಳಿಯುವುದು, “ಇದು ಸಿದ್ದಾಪುರ ತಾಲೂಕಿನ ಮಹಿಳೆಯರ ಗುಂಪೊಂದು ತಯಾರಿಸುವ ಅಪ್ಪೆಮಿಡಿ ಉಪ್ಪಿನಕಾಯಿ.” ಇಷ್ಟು ಬರೆದು, ಶುರುವಾದ ವರ್ಷ ಸೇರಿಸಿ, ಆ ವರ್ಷ ಯಾವ ಪತ್ರಿಕೆಯಲ್ಲಿ ಬಂದಿದೆ ಎಂದು ಉಲ್ಲೇಖ ಕೊಟ್ಟರೆ ಅದು ವಿಶ್ವಕೋಶದ ವಾಕ್ಯ. ಚಪ್ಪೆ ಅನ್ನಿಸುತ್ತದೆ, ಗೊತ್ತು. ಆದರೆ ಓದುಗರು ಆ ಪುಟಕ್ಕೆ ಬರುವುದು ವಿಷಯ ತಿಳಿಯುವುದಕ್ಕೆ. ರುಚಿ ಹೇಗಿದೆ ಎಂಬುದನ್ನು ಅವರು ತಿಂದು ತೀರ್ಮಾನ ಮಾಡಿಕೊಳ್ಳುತ್ತಾರೆ.

ಬೆಲೆ, ಫೋನ್ ನಂಬರ್, ಎಲ್ಲೆಲ್ಲಿ ಸಿಗುತ್ತದೆ ಎಂಬ ಅಂಗಡಿಗಳ ಪಟ್ಟಿ ಕೂಡ ಹಾಕಿದ್ದೀರಿ. ಅವಕ್ಕೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಸ್ವಂತ ವೆಬ್‌ಸೈಟ್ ಇರುವುದೇ ಅದಕ್ಕೆ.

ಆರೋಗ್ಯದ ಮಾತು ಮಾತ್ರ ಸ್ವಲ್ಪ ಗಂಭೀರ. ಮುರುಗಲು ಸಿರಪ್ ‘ಕೊಬ್ಬು ಕರಗಿಸುತ್ತದೆ, ತೂಕ ಇಳಿಸುತ್ತದೆ’ ಎಂದು ಬರೆದಿದ್ದೀರಿ. ನೀವೊಬ್ಬರೇ ಅಲ್ಲ, ಬಾಟಲಿ ಮೇಲೂ ಜನ ಹೀಗೇ ಬರೆಯುತ್ತಾರೆ. ಇದು ಹುಟ್ಟಿದ್ದು ಎಲ್ಲಿಂದ ಅಂದರೆ, ಮುರುಗಲು ಮತ್ತು ಅದರ ಕುಲದ್ದೇ ಇನ್ನೊಂದು ಹಣ್ಣು ಉಪ್ಪಾಗೆ, ಎರಡರ ಸಿಪ್ಪೆಯಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬ ಹುಳಿ ಅಂಶ ಇದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಅದು ಕೊಬ್ಬು ತಯಾರಾಗುವುದನ್ನು ತಗ್ಗಿಸಿದ್ದು ಕಂಡಿತ್ತು. ಆದರೆ ಮನುಷ್ಯರ ವಿಷಯಕ್ಕೆ ಬಂದರೆ, 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಒಂದು ಪ್ರಯೋಗದ ವರದಿ ಬಂತು. 135 ಜನ, 12 ವಾರ. ಉಪ್ಪಾಗೆ ಸಾರ ತೆಗೆದುಕೊಂಡವರಿಗೂ, ಔಷಧವಿಲ್ಲದ ಗುಳಿಗೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೂ ಉಪ್ಪಾಗೆಯ ಮೇಲೆ ನಡೆದದ್ದು. ಅದನ್ನು ಹಾಗೇ ಎತ್ತಿ ಮುರುಗಲಿಗೆ ಅಂಟಿಸುವುದೂ ಸರಿಯಲ್ಲ, ಅದರಲ್ಲೂ ಸಕ್ಕರೆ ಹಾಕಿದ ಸಿರಪ್‌ಗೆ ಅಂಟಿಸುವುದಂತೂ ಸಲ್ಲದು. ಆರೋಗ್ಯದ ವಿಷಯಕ್ಕೆ ವಿಕಿಪೀಡಿಯದಲ್ಲಿ ಪತ್ರಿಕೆಯ ವರದಿಯೂ ಸಾಕಾಗುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದ ವೈದ್ಯಕೀಯ ವಿಮರ್ಶಾ ಬರಹ ಬೇಕು. ಯಾಕೆಂದರೆ ಓದಿದವರು ಗುಳಿಗೆ ನಿಲ್ಲಿಸಿ ಸಿರಪ್ ಕುಡಿಯಲು ಶುರು ಮಾಡಬಹುದು.

ಇನ್ನು ಎಫ್‌ಎಸ್‌ಎಸ್‌ಎಐ. ಪೊಟ್ಟಣದ ಮೇಲಿನ 14 ಅಂಕಿಯ ಸಂಖ್ಯೆ ಹೇಳುವುದು, ಆಹಾರದ ವ್ಯಾಪಾರ ಮಾಡಲು ನಿಮಗೆ ಪರವಾನಗಿ ಅಥವಾ ನೋಂದಣಿ ಇದೆ ಎಂದು. ಆ ಉಪ್ಪಿನಕಾಯಿಯನ್ನು ಸರ್ಕಾರ ಹೊಗಳಿದೆ ಎಂದಲ್ಲ. ಟ್ರೇಡ್‌ಮಾರ್ಕ್ ಕೂಡ ಹಾಗೇ, ಆ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾಗದ ಅದು. ಎರಡೂ ವ್ಯಾಪಾರಕ್ಕೆ ಬೇಕು. ಲೇಖನಕ್ಕೆ ಇವು ಆಧಾರ ಆಗುವುದಿಲ್ಲ.

ಎಐ ವಿಷಯ ಒಂದೆರಡು ಮಾತು. ನಿಮ್ಮ ಬರಹದ ಕೊನೆಯ ಎರಡು ಉಲ್ಲೇಖಗಳನ್ನು ನಾನು ಹುಡುಕಿದೆ, ಅಂಥ ಬರಹಗಳು ಎಲ್ಲೂ ಸಿಗಲಿಲ್ಲ. ಎಐ ಇಲ್ಲದ ಉಲ್ಲೇಖವನ್ನು ಸೃಷ್ಟಿ ಮಾಡುವುದು ಮಾಮೂಲು. ಪರಿಶೀಲಿಸದೆ ಹಾಕಿದ ಇಂಥ ಬರಹವನ್ನು ಚರ್ಚೆಯಿಲ್ಲದೆ ಕೂಡಲೇ ಅಳಿಸಬಹುದು ಎಂದು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ನಿಯಮವನ್ನೇ ಮಾಡಿತು. ‘ಮಡಿಲು’, ‘ಸೊಗಡು’, ‘ಮನೆಮಾತು’ ಇಂಥ ಪದಗಳ ಸರಮಾಲೆಯೂ ಅದರದ್ದೇ ಕೊಡುಗೆ ಅನ್ನಿಸುತ್ತದೆ. ನಿಮ್ಮ ಪತ್ರದ ಭಾಷೆ ಅದಕ್ಕಿಂತ ಎಷ್ಟೋ ಚೆನ್ನಾಗಿದೆ.

ಪೇಪರ್‌ನಲ್ಲಿ ಬಂದಿದ್ದೆಲ್ಲ ಆಧಾರವಾ?

ನೀವು ಕಳಿಸಿದ ತುಣುಕುಗಳನ್ನು ಒಂದೊಂದಾಗಿ ನೋಡಿದೆ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲೇ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಮೊದಲನೆಯದು ತಾಲೂಕು ಪುಟದ ಸುದ್ದಿ. ಘಟಕದ ಉದ್ಘಾಟನೆ, ದೀಪ ಬೆಳಗಿಸಿದವರು, ವೇದಿಕೆಯಲ್ಲಿದ್ದವರು, ಮಹಿಳೆಯರು ಸ್ವಾವಲಂಬಿಗಳಾಗಬೇಕು ಎಂಬ ಭಾಷಣ. ಈ ಸುದ್ದಿಯಿಂದ ಘಟಕ ಯಾವಾಗ ಶುರುವಾಯಿತು ಎಂಬುದನ್ನು ಹೇಳಬಹುದು. ಉಪ್ಪಿನಕಾಯಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ.

ಎರಡನೆಯದು ಹಬ್ಬದ ಪುರವಣಿಯ ಅರ್ಧ ಪುಟ. ಬಣ್ಣದ ಫೋಟೊ, ದೊಡ್ಡ ತಲೆಬರಹ. ಆದರೆ ವರದಿಗಾರರ ಹೆಸರಿಲ್ಲ, ಕೊನೆಗೆ ಆರ್ಡರ್ ಕೊಡಲು ಫೋನ್ ನಂಬರ್ ಇದೆ, ಪುಟದ ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿ ‘ಪ್ರಾಯೋಜಿತ’ ಅಂತಿದೆ. ಇದು ನೀವು ದುಡ್ಡು ಕೊಟ್ಟ ಜಾಹೀರಾತು, ಅಲ್ವಾ? ಸುದ್ದಿಯ ವೇಷದ ಜಾಹೀರಾತು ಭಾರತದ ಪತ್ರಿಕೆಗಳಲ್ಲಿ ಎಷ್ಟು ಸಾಮಾನ್ಯ ಅಂದರೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನ ಪರಿಶೀಲಿಸುವವರಿಗೆ ಇದರ ಬಗ್ಗೆ ಪ್ರತ್ಯೇಕ ಎಚ್ಚರಿಕೆಯೇ ಇದೆ. ಪತ್ರಿಕೆ ಎಷ್ಟು ದೊಡ್ಡದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಮೂರನೆಯದು ಯೂಟ್ಯೂಬ್ ವಿಡಿಯೊದ ಕೊಂಡಿ. ತಿಂದು ‘ವಾವ್’ ಎನ್ನುತ್ತಾರೆ. ಅದನ್ನು ಬಿಟ್ಟುಬಿಡಿ.

ನಾಲ್ಕನೆಯದು ಕೃಷಿ ಪತ್ರಿಕೆಯ ಲೇಖನ. ಇದನ್ನು ನೋಡಿ ನನಗೆ ಖುಷಿಯಾಯಿತು. ಬರೆದವರು ನಿಮ್ಮಲ್ಲಿಗೆ ಬಂದಿದ್ದಾರೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯುವುದು ಯಾಕೆ, ಸೊನೆ ಹೋದರೆ ಪರಿಮಳ ಹೇಗೆ ಕಡಿಮೆಯಾಗುತ್ತದೆ, ಉಪ್ಪಿನಲ್ಲಿ ಎಷ್ಟು ದಿನ ಇಡುತ್ತೀರಿ, ಒಂದು ಮಳೆಗಾಲದಲ್ಲಿ ಮಾಲು ಕೆಟ್ಟು ನಷ್ಟ ಆದದ್ದು, ಮಿಡಿ ಸಿಗದೆ ಪರದಾಡಿದ್ದು, ಎಲ್ಲ ಇದೆ. ನಿಮ್ಮನ್ನು ಹೊಗಳಿದ್ದೂ ಇದೆ, ತೊಂದರೆ ಹೇಳಿದ್ದೂ ಇದೆ. ನಂಬಬಹುದಾದ, ಸ್ವತಂತ್ರವಾದ, ವಿವರವಾದ ಆಧಾರ ಅಂದರೆ ಇದು. ಆಶ್ಚರ್ಯ ಅಂದರೆ, ನಷ್ಟದ ವಿಷಯ ಇದೆ ಅಂತಲೋ ಏನೋ, ನೀವು ಲೇಖನದಲ್ಲಿ ಇದನ್ನು ಬಳಸಿಯೇ ಇಲ್ಲ.

ಇಂಥದ್ದು ಒಂದೇ ಇದ್ದರೆ ಸಾಲದು. ಬೇರೆ ಬೇರೆ ಜನ, ಬೇರೆ ಬೇರೆ ಕಡೆ ಬರೆದ ಕೆಲವಾದರೂ ಬೇಕು. ಇಂಗ್ಲಿಷಿನಲ್ಲೇ ಇರಬೇಕು, ಅಂತರ್ಜಾಲದಲ್ಲೇ ಸಿಗಬೇಕು ಎಂಬುದೆಲ್ಲ ತಪ್ಪು ತಿಳಿವಳಿಕೆ. ಗ್ರಂಥಾಲಯದಲ್ಲಿ ಮಾತ್ರ ಇರುವ ಕನ್ನಡ ಪತ್ರಿಕೆಯೂ ನಡೆಯುತ್ತದೆ. ಪತ್ರಿಕೆಯ ಹೆಸರು, ತಾರೀಕು, ಪುಟ, ಬರೆದವರು, ತಲೆಬರಹ ಇಷ್ಟು ಸರಿಯಾಗಿ ಕೊಡಬೇಕು. ಅಂತರ್ಜಾಲದ ಕೊಂಡಿಯಾದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಒಂದು ಪ್ರತಿ ಉಳಿಸಿಡಿ. ಕನ್ನಡ ಪತ್ರಿಕೆಗಳ ಹಳೆಯ ಕೊಂಡಿಗಳು ಬೇಗ ಸತ್ತುಹೋಗುತ್ತವೆ.

ದೊಡ್ಡವರಿಗೆ ಒಂದು ನ್ಯಾಯ, ನಮಗೊಂದಾ ಎಂದು ಕೇಳಿದ್ದೀರಿ. ಮೈಸೂರು ಸ್ಯಾಂಡಲ್ ಸೋಪನ್ನು ತೆಗೆದುಕೊಳ್ಳಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದಾಗಿನಿಂದ ಅದರ ಬಗ್ಗೆ ಇತಿಹಾಸಕಾರರು, ಪತ್ರಕರ್ತರು ಬರೆಯುತ್ತಲೇ ಬಂದಿದ್ದಾರೆ. ಲೇಖನ ನಿಂತಿರುವುದು ಅವರೆಲ್ಲರ ಬರಹದ ಮೇಲೆ. ಕೋಟಿಗಟ್ಟಲೆ ವಹಿವಾಟಿದ್ದೂ ಯಾರೂ ಏನೂ ಬರೆಯದ ಕಂಪನಿಗಳ ಲೇಖನಗಳು ಅಳಿಸಿಹೋಗಿವೆ. ಸಣ್ಣ ಊರಿನ ಸಣ್ಣ ತಿಂಡಿಗೆ ಒಳ್ಳೆಯ ಲೇಖನ ಇರುವುದೂ ಉಂಟು. ಆದರೂ ನಿಮ್ಮ ಮಾತಿನಲ್ಲಿ ನೋವಿನ ಸತ್ಯ ಒಂದಿದೆ. ಪತ್ರಕರ್ತರು, ಸಂಶೋಧಕರು ನಗರದ ಉದ್ಯಮಗಳ ಬಗ್ಗೆ ಜಾಸ್ತಿ ಬರೆಯುತ್ತಾರೆ, ಹಳ್ಳಿಯ ಹೆಂಗಸರ ಕೆಲಸದ ಬಗ್ಗೆ ಕಡಿಮೆ ಬರೆಯುತ್ತಾರೆ. ಆ ಕೊರತೆ ವಿಕಿಪೀಡಿಯದಲ್ಲೂ ಹಾಗೇ ಕಾಣುತ್ತದೆ. ಅದನ್ನು ಅಲ್ಲೇ ಸರಿಪಡಿಸಲು ಆಗುವುದಿಲ್ಲ. ಮೊದಲು ಯಾರಾದರೂ ಬರೆಯಬೇಕು.

ನಮ್ಮದೇ ಅಡಿಕೆಯ ಉದಾಹರಣೆ

ತಟಸ್ಥವಾಗಿ ಬರೆಯುವುದು ಎಷ್ಟು ಕಷ್ಟ ಎಂಬುದು ತೋಟದ ಬೆಳೆಗೆ ಬಂದಾಗ ಗೊತ್ತಾಗುತ್ತದೆ. ಶಿರಸಿ ಅಡಿಕೆಗೆ 2019ರಲ್ಲಿ ‘ಸಿರ್ಸಿ ಸುಪಾರಿ’ ಎಂಬ ಹೆಸರಿನಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ ಅದು ಅನ್ವಯ. ನಮ್ಮ ಕಡೆಯ ಹುಡುಗರು ಇದರ ಬಗ್ಗೆ ಬರೆಯುವಾಗ ಜಿಐ, ರುಚಿ, ಬಣ್ಣ, ಸಹಕಾರಿ ಸಂಘಗಳ ಇತಿಹಾಸ ಎಲ್ಲ ಚೆನ್ನಾಗಿ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಇಲ್ಲವೇ, ಹೊರಗಿನವರು ಯಾರೋ ಬಂದು ಆ ಒಂದೇ ಸಾಲನ್ನು ಲೇಖನದ ನೆತ್ತಿಯ ಮೇಲೆ ಇಟ್ಟು ಹೋಗುತ್ತಾರೆ. ಎರಡೂ ತಟಸ್ಥ ಅಲ್ಲ.

ಸರಿಯಾಗಿ ಬರೆಯುವುದು ಹೇಗೆ? ಆರೋಗ್ಯದ ವಿಷಯಕ್ಕೆ ಒಂದು ವಿಭಾಗ ಇರಲಿ. ವರದಿ ಯಾರದ್ದು, ಯಾವ ವರ್ಷದ್ದು ಎಂದು ಹೇಳಿ. ಮೊದಲ ಗುಂಪು ಅಂದರೆ ಏನೆಂದೂ ಹೇಳಬೇಕು. ಅದು ಹೇಳುವುದು ಕ್ಯಾನ್ಸರ್ ಬರಿಸುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಇದೆ ಎಂಬುದನ್ನು. ಎಷ್ಟು ತಿಂದರೆ ಎಷ್ಟು ಅಪಾಯ ಎಂಬ ಲೆಕ್ಕ ಅದರಲ್ಲಿಲ್ಲ. ಬೆಳೆಗಾರರ ಸಂಘಗಳು ಆಕ್ಷೇಪ ಎತ್ತಿದ್ದರೆ, ಅದು ಪತ್ರಿಕೆಯಲ್ಲಿ ಬಂದಿದ್ದರೆ, ಅವರ ಆಕ್ಷೇಪ ಎಂದೇ ಬರೆಯಿರಿ. ಹಾಗಂತ ವಿಜ್ಞಾನದ ವರದಿಗೂ ಸಂಘದ ಹೇಳಿಕೆಗೂ ಅರ್ಧರ್ಧ ಜಾಗ ಕೊಡುವುದು ತಟಸ್ಥತೆ ಆಗುವುದಿಲ್ಲ. ಯಾವುದಕ್ಕೆ ಎಷ್ಟು ಬಲವಾದ ಆಧಾರ ಇದೆಯೋ ಅಷ್ಟು ಜಾಗ. ನಮ್ಮ ಮನೆಗಳೆಲ್ಲ ನಿಂತಿರುವುದೇ ಅಡಿಕೆಯ ಮೇಲೆ, ಹಾಗಾಗಿ ಬರೆಯುವಾಗ ಕೈ ಹಿಂದೆ ಬರುತ್ತದೆ. ಆದರೂ ಬರೆಯಲೇಬೇಕು.

ಜಿಐ ಬಗ್ಗೆ ಇನ್ನೊಂದು ಸೂಕ್ಷ್ಮ. ಜಿಐ ಜರ್ನಲ್‌ನಲ್ಲಿ ಬರುವ ‘ವಿಶಿಷ್ಟ ರುಚಿ, ಅಪೂರ್ವ ಪರಿಮಳ’ ಎಂಬ ವಿವರಣೆ ಅರ್ಜಿ ಹಾಕಿದ ಸಂಘದವರೇ ಬರೆದುಕೊಟ್ಟದ್ದು. ನೋಂದಣಿ ಆದದ್ದಕ್ಕೆ, ಯಾವ ಪ್ರದೇಶಕ್ಕೆ ಅನ್ವಯ ಎಂಬುದಕ್ಕೆ ಅದು ಗಟ್ಟಿ ಆಧಾರ. ಹೊಗಳಿಕೆಗೆ ಅಲ್ಲ. 2023ರಲ್ಲಿ ಜಿಐ ಪಡೆದ ಅಂಕೋಲೆಯ ಕರಿ ಇಶಾಡು ಮಾವಿನ ಬಗ್ಗೆ ಬರೆಯುವವರಿಗೂ ಇದೇ ಮಾತು.

ದುಡ್ಡು ಕೇಳಿದವರು, ಹೆಸರು ಕೊಡುವ ಗೆಳತಿ

ಮೇಲ್ ಮಾಡಿದವರಿಗೆ ಉತ್ತರವನ್ನೇ ಕೊಡಬೇಡಿ. ವಿಕಿಪೀಡಿಯ ಲೇಖನ ಹಾಕಲು ಯಾರ ಹತ್ತಿರವೂ ದುಡ್ಡು ಕೇಳುವುದಿಲ್ಲ. ‘ನಾವು ಅಲ್ಲಿನ ನಿರ್ವಾಹಕರು, ಅಳಿಸದಂತೆ ನೋಡಿಕೊಳ್ಳುತ್ತೇವೆ’ ಎಂದರೆ ಅದು ಮೋಸ. ಅಂಥ ಅಧಿಕಾರ ಯಾರಿಗೂ ಇಲ್ಲ. ನಿಮ್ಮ ಲೇಖನ ಅಳಿಸಿದ ಬೆನ್ನಿಗೇ ಮೇಲ್ ಬಂದದ್ದೂ ಆಕಸ್ಮಿಕ ಅಲ್ಲ. ಅಳಿಸಿದ ದಾಖಲೆ ಎಲ್ಲರಿಗೂ ಕಾಣುತ್ತದೆ, ಅದನ್ನು ನೋಡಿಕೊಂಡೇ ಬಲೆ ಬೀಸುತ್ತಾರೆ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ದೊಡ್ಡ ಜಾಲ ಒಂದು ಸಿಕ್ಕಿಬಿತ್ತು. ‘ಆರೆಂಜ್‌ಮೂಡಿ’ ಎಂದು ಅದರ ಹೆಸರು. ತಿರಸ್ಕಾರವಾದ ಲೇಖನಗಳ ಮಾಲೀಕರನ್ನು ಹುಡುಕಿ, ದುಡ್ಡು ತೆಗೆದುಕೊಂಡು ಪ್ರಕಟಿಸುವುದು, ಆಮೇಲೆ ಅಳಿಸದಂತೆ ಕಾಯುತ್ತೇವೆ ಎಂದು ತಿಂಗಳು ತಿಂಗಳು ವಸೂಲಿ ಮಾಡುವುದು. ಬಲಿಯಾದವರಲ್ಲಿ ಸಣ್ಣ ವ್ಯಾಪಾರಿಗಳೇ ಬಹಳ. ಕೊನೆಗೆ 381 ಖಾತೆಗಳನ್ನು ಮುಚ್ಚಿದರು, ಅವರು ಹಾಕಿದ್ದ 210 ಲೇಖನಗಳನ್ನು ಅಳಿಸಿದರು. ದುಡ್ಡು ಕೊಟ್ಟವರಿಗೆ ದುಡ್ಡೂ ಹೋಯಿತು, ಲೇಖನವೂ ಹೋಯಿತು.

ದುಡ್ಡು ತೆಗೆದುಕೊಂಡು ಬರೆಯುವುದೇ ಅಪರಾಧ ಅಂತ ತಿಳಿಯಬೇಡಿ. 2014ರ ಜೂನ್‌ನಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮದಲ್ಲೇ ಇದು ಸೇರಿದೆ. ಸಂಭಾವನೆಗಾಗಿ ಬರೆಯುವವರು ಯಾರಿಗಾಗಿ, ಯಾರ ದುಡ್ಡಿಗೆ ಬರೆಯುತ್ತಿದ್ದೇವೆ ಎಂದು ಬಹಿರಂಗವಾಗಿ ಹೇಳಬೇಕು. ನಿಮಗೆ ಮೇಲ್ ಮಾಡಿದಂಥವರು ಅದನ್ನೇ ಮುಚ್ಚಿಡುತ್ತಾರೆ.

ಗೆಳತಿಯ ಉಪಾಯ ಪ್ರೀತಿಯದ್ದು. ಆದರೆ ಅದು ನಿಮಗೂ ಅವಳಿಗೂ ತೊಂದರೆ ತರುತ್ತದೆ. ಹೊಸ ಖಾತೆ, ಮೊದಲ ಕೆಲಸವೇ ಅಳಿಸಿಹೋದ ಬ್ರ್ಯಾಂಡ್‌ನ ಲೇಖನ, ಅದೇ ಫೋಟೊ, ಅದೇ ವಾಕ್ಯ. ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಅವಳ ಖಾತೆ, ನಿಮ್ಮ ಖಾತೆ ಎರಡೂ ಬಂದ್ ಆಗಬಹುದು. ಮತ್ತೆ ಮತ್ತೆ ಹೀಗಾದರೆ ಆ ಶೀರ್ಷಿಕೆಯಲ್ಲಿ ಯಾರೂ ಲೇಖನ ಸೃಷ್ಟಿಸದಂತೆ ಬೀಗ ಹಾಕುತ್ತಾರೆ, ನಿಮ್ಮ ವೆಬ್‌ಸೈಟ್‌ನ ಕೊಂಡಿಯನ್ನು ತಡೆಪಟ್ಟಿಗೆ ಸೇರಿಸುತ್ತಾರೆ. ನಾಳೆ ನಿಜವಾಗಿ ಒಳ್ಳೆಯ ಆಧಾರಗಳು ಬಂದಾಗಲೂ ಆ ಹೆಸರು ನೋಡಿದ ಕೂಡಲೇ ಜನ ಅನುಮಾನ ಪಡುತ್ತಾರೆ. ಅಳಿಸಿದ್ದರ ದಾಖಲೆ ಅಲ್ಲಿ ಉಳಿದಿರುತ್ತದೆ.

ಮಾರಾಟ ಜಾಸ್ತಿಯಾಗಲಿ ಎಂಬ ಆಸೆ ಇದ್ದರೆ ಅದಕ್ಕೂ ಇದು ದಾರಿ ಅಲ್ಲ. ಲೇಖನದಲ್ಲಿ ಹಾಕುವ ಹೊರಕೊಂಡಿಗಳಿಗೆ ಬೆಲೆ ಕೊಡಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ಗುರುತನ್ನು ವಿಕಿಪೀಡಿಯ 2007ರಿಂದಲೇ ಹಾಕುತ್ತಿದೆ.

ಹಾಗಾದರೆ ಏನು ಮಾಡಬಹುದು?

ನನ್ನನ್ನು ಕೇಳಿದರೆ, ಸದ್ಯಕ್ಕೆ ಬ್ರ್ಯಾಂಡ್ ಬಿಡಿ. ಅಪ್ಪೆಮಿಡಿಯ ಬಗ್ಗೆ, ಮುರುಗಲಿನ ಬಗ್ಗೆ ಬರೆಯಿರಿ. ನಿಮ್ಮಂಥವರಿಗೆ ಗೊತ್ತಿರುವಷ್ಟು ಪೇಟೆಯಲ್ಲಿ ಕೂತವರಿಗೆ ಗೊತ್ತಿಲ್ಲ. ಜೀರಿಗೆ ವಾಸನೆಯ ಮಿಡಿ, ಕರ್ಪೂರದ ವಾಸನೆಯ ಮಿಡಿ ಎಂದು ಅಪ್ಪೆಯಲ್ಲೇ ಎಷ್ಟು ಬಗೆ! ಹೊಳೆ ಬದಿಯ ಮರಗಳು, ಕೊಂಬೆ ಕಡಿದು ಮಿಡಿ ಇಳಿಸುವುದರಿಂದ ಆಗುವ ಹಾನಿ, ಕಸಿ ಕಟ್ಟಿ ತಳಿ ಉಳಿಸುವ ಪ್ರಯತ್ನ. ಮುರುಗಲಿನಲ್ಲಾದರೆ ಮಳೆ ಹಿಡಿಯುವ ಮೊದಲು ಹಣ್ಣು ಒಟ್ಟು ಮಾಡುವ ಅವಸರ, ಸಿಪ್ಪೆ ಬಿಡಿಸಿ ಸಕ್ಕರೆ ಪದರದ ನಡುವೆ ಇಟ್ಟು ರಸ ಇಳಿಸುವುದು, ಒಣಸಿಪ್ಪೆ, ಬೀಜದಿಂದ ತೆಗೆಯುವ ಮುರುಗಲು ತುಪ್ಪ. ಓದುಗರಿಗೆ ಬೇಕಾದ ವಿಷಯಗಳು ಇವು.

ಇವಕ್ಕೆ ಆಧಾರ ಹುಡುಕಿದರೆ ಸಿಗುತ್ತದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಇಲ್ಲೆಲ್ಲ ನಮ್ಮ ಕಾಡಿನ ಹಣ್ಣು, ಮಿಡಿಗಳ ಮೇಲೆ ನಡೆದ ಕೆಲಸವನ್ನು ಹುಡುಕಿ. ಹಳೆಯ ಕಾಲದ ವ್ಯಾಪಾರದ ವಿವರಕ್ಕೆ 1883ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 15ನೇ ಸಂಪುಟ ಇದೆ, ಅದು ಪೂರ್ತಿ ಕೆನರಾ ಜಿಲ್ಲೆಯದ್ದೇ. ಆಗ ನಮ್ಮ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿತ್ತು. ಬೆಳೆ, ಬಂದರು, ಸರಕಿನ ಲೆಕ್ಕಕ್ಕೆ ಅದು ಒಳ್ಳೆಯದು. ಜಾತಿ, ಜನರ ಸ್ವಭಾವದ ಬಗ್ಗೆ ಅದರಲ್ಲಿ ಬರೆದದ್ದನ್ನು ಮಾತ್ರ ಎತ್ತಿಕೊಳ್ಳಬೇಡಿ. ಅದು ಆ ಕಾಲದ ಅಧಿಕಾರಿಗಳ ಕಣ್ಣಿನ ನೋಟ.

ಇದರಲ್ಲೂ ಅಪಾಯ ಒಂದಿದೆ. ನೀವು ಅದನ್ನೇ ಮಾರುವವರು. ಹಾಗಾಗಿ ಆ ಲೇಖನಗಳಲ್ಲಿ ನಿಮ್ಮ ಬ್ರ್ಯಾಂಡ್ ಹೆಸರು ತರಬೇಡಿ, ನಿಮ್ಮ ವೆಬ್‌ಸೈಟನ್ನು ಉಲ್ಲೇಖವಾಗಿ ಕೊಡಬೇಡಿ, ಪ್ರತಿಸ್ಪರ್ಧಿಗಳ ಬಗ್ಗೆ ಏನನ್ನೂ ತೆಗೆಯಬೇಡಿ. ಅಮ್ಮನಿಗೆ ಗೊತ್ತಿರುವ ಎಷ್ಟೋ ವಿಷಯಕ್ಕೆ ಪ್ರಕಟವಾದ ಆಧಾರ ಇರುವುದಿಲ್ಲ. ಅವನ್ನು ಲೇಖನಕ್ಕೆ ಸೇರಿಸಲಾಗದು. ಬಿಟ್ಟುಬಿಡಬೇಡಿ, ಬರೆದು ಕೃಷಿ ಪತ್ರಿಕೆಗೆ ಕಳಿಸಿ. ಸಂಪಾದಕರು ನೋಡಿ ಪ್ರಕಟಿಸಿದರೆ ಮುಂದೆ ಬೇರೆ ಯಾರಾದರೂ ಅದನ್ನು ಆಧಾರವಾಗಿ ಬಳಸಬಹುದು.

ಫೋಟೊ ಕೊಡುವುದು ಇನ್ನೂ ಸುಲಭ. ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಮಿಡಿ ಕೊಯ್ಯುವುದು, ಭರಣಿಯಲ್ಲಿ ಉಪ್ಪು ಹಾಕುವುದು, ಮುರುಗಲು ಒಣಗಿಸುವುದು ಇಂಥ ಚಿತ್ರಗಳಿಗೆ ತುಂಬ ಬೆಲೆ ಇದೆ. ನೀವೇ ತೆಗೆದದ್ದಾಗಿರಬೇಕು. ಒಮ್ಮೆ ಮುಕ್ತ ಪರವಾನಗಿಯಲ್ಲಿ ಕೊಟ್ಟ ಮೇಲೆ ಹಿಂದೆ ಪಡೆಯಲು ಆಗುವುದಿಲ್ಲ. ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ, ನಿಮ್ಮ ಪ್ರತಿಸ್ಪರ್ಧಿ ಕೂಡ, ವ್ಯಾಪಾರಕ್ಕೆ ಬಳಸಬಹುದು. ಇದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಹಾಕಿ. ಲೇಬಲ್ ಕಾಣುವ ಬಾಟಲಿಯ ಫೋಟೊ ಬೇಡ. ಲೇಬಲ್‌ನ ಚಿತ್ರ ಬರೆದವರಿಗೆ ಅದರ ಹಕ್ಕು ಇರುತ್ತದೆ. ಇದೇ ಕಾರಣಕ್ಕೆ ನಿಮ್ಮ ವೆಬ್‌ಸೈಟ್‌ನ ಬರಹವನ್ನು ಲೇಖನಕ್ಕೆ ನಕಲು ಮಾಡುವುದೂ ಆಗದು. ನಿಮ್ಮದೇ ಬರಹವಾದರೂ, ಮುಕ್ತ ಪರವಾನಗಿ ಕೊಟ್ಟಿಲ್ಲದಿದ್ದರೆ ಹಕ್ಕುಸ್ವಾಮ್ಯದ ಉಲ್ಲಂಘನೆ ಅಂತಲೇ ಅಳಿಸುತ್ತಾರೆ.

ಬ್ರ್ಯಾಂಡ್‌ನ ಲೇಖನವೇ ಬೇಕು ಎಂದಾದರೆ, ಕೃಷಿ ಪತ್ರಿಕೆಯಂಥ ಇನ್ನೂ ಕೆಲವು ಆಧಾರಗಳು ಬರುವ ತನಕ ಕಾಯಿರಿ. ಬಂದ ಮೇಲೆ ನೇರವಾಗಿ ಪುಟ ಸೃಷ್ಟಿಸಬೇಡಿ. ನಿಮ್ಮ ಪ್ರಯೋಗಪುಟದಲ್ಲಿ ಕರಡು ಇಟ್ಟು, ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಲ್ಲಿ ಕೇಳಿ. ಊರಿನ ಅರಳಿ ಕಟ್ಟೆಯ ಹಾಗೇ ಅಲ್ಲೂ ಎಲ್ಲರೂ ಸೇರಿ ಮಾತಾಡುತ್ತಾರೆ. ಕೆಲಸ ಮಾಡುವವರು ಕಡಿಮೆ ಇರುವುದರಿಂದ ಉತ್ತರ ತಡವಾಗಬಹುದು, ಬೇಡ ಎಂದೂ ಹೇಳಬಹುದು. ಒಪ್ಪಿಗೆ ಸಿಕ್ಕರೂ ಲೇಖನ ನಿಮ್ಮ ಕೈಲಿ ಇರುವುದಿಲ್ಲ. ಮಾಲು ಕೆಟ್ಟ ವರ್ಷದ ವಿಷಯವನ್ನು ಯಾರಾದರೂ ಆಧಾರ ಸಮೇತ ಸೇರಿಸಿದರೆ ನೀವು ತೆಗೆಯುವ ಹಾಗಿಲ್ಲ. ತಪ್ಪು ಅಂಕಿ ಇದ್ದರೆ ಚರ್ಚೆ ಪುಟದಲ್ಲಿ ತಿಳಿಸಿ, ಬೇರೆಯವರು ನೋಡಿ ತಿದ್ದುತ್ತಾರೆ. ಈ ಮಾತನ್ನು ಅಮ್ಮನ ಗುಂಪಿನಲ್ಲಿ ಮೊದಲೇ ಕೂತು ಮಾತಾಡಿಕೊಳ್ಳಿ. ಲೇಖನ ಬಂದ ಮೇಲೆ ಬೇಡವಾಗಿತ್ತು ಎಂದವರನ್ನೂ ನಾನು ನೋಡಿದ್ದೇನೆ.

ಕೇಳುವಾಗ ನಿಮ್ಮ ಗುರುತನ್ನು ಮುಚ್ಚಿಡಬೇಡಿ. ಸಂಬಳ ಇಲ್ಲದಿದ್ದರೂ ಅಮ್ಮನ ಉದ್ಯಮ ಎಂಬುದೇ ಹತ್ತಿರದ ಸಂಬಂಧ. ನಿಮ್ಮ ಸದಸ್ಯ ಪುಟದಲ್ಲೂ, ಅರಳಿ ಕಟ್ಟೆಯಲ್ಲೂ ಹೀಗೆ ಬರೆದರೆ ಸಾಕು:

“ಈ ಉಪ್ಪಿನಕಾಯಿ ತಯಾರಿಸುವ ಗುಂಪಿನಲ್ಲಿ ನನ್ನ ಅಮ್ಮ ಇದ್ದಾರೆ. ನಾನೂ ಮಾರಾಟದ ಕೆಲಸದಲ್ಲಿ ನೆರವಾಗುತ್ತೇನೆ. ಹಿಂದೆ ನಾನು ಹಾಕಿದ ಲೇಖನ ಜಾಹೀರಾತಿನಂತಿದೆ ಎಂದು ಅಳಿಸಲಾಗಿತ್ತು. ಈಗ ಸ್ವತಂತ್ರ ಆಧಾರಗಳನ್ನು ಇಟ್ಟುಕೊಂಡು ಕರಡು ಮಾಡಿದ್ದೇನೆ. ಪ್ರತಿ ವಾಕ್ಯಕ್ಕೂ ಉಲ್ಲೇಖ ಕೊಟ್ಟಿದ್ದೇನೆ. ಲೇಖನಕ್ಕೆ ಯೋಗ್ಯವೇ ಎಂದು ದಯವಿಟ್ಟು ನೋಡಿ. ನಾನೇ ಪ್ರಕಟಿಸುವುದಿಲ್ಲ.”

ಇದರ ಕೆಳಗೆ ಆಧಾರಗಳ ವಿವರ ಕೊಡಿ. ಪ್ರಾಯೋಜಿತ ಪುಟವನ್ನು ಅದರಲ್ಲಿ ಸೇರಿಸಬೇಡಿ. ಅಪ್ಪೆಮಿಡಿ ಲೇಖನಕ್ಕೆ ಕರಡು ಬರೆದರೆ ನನಗೂ ಕಳಿಸಿ, ಓದಿ ತಿದ್ದಿಕೊಡುತ್ತೇನೆ.